ಕೆರೆ ಬದಲಾದದ್ದನ್ನು ನಕ್ಷೆಯಲ್ಲಿ ತೋರಿಸುವುದು ಹೇಗೆ?

ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳನ್ನೇ ತೆಗೆದುಕೊಳ್ಳಿ. ಬೇಕಾದದ್ದು ಉಪಗ್ರಹ ಚಿತ್ರ ಮತ್ತು ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಅರ್ಥ್‌ಎಕ್ಸ್‌ಪ್ಲೋರರ್ ತಾಣದಲ್ಲಿ ಪಾತ್ 144, ರೋ 51 (ಬೆಂಗಳೂರು ಬರುವ ಚೌಕದ ಸಂಖ್ಯೆ) ಹುಡುಕಿ, ‘ಕಲೆಕ್ಷನ್ 2 ಲೆವೆಲ್ 2’ (ವಾತಾವರಣದ ಪ್ರಭಾವ ಸರಿಪಡಿಸಿದ) ಚಿತ್ರಗಳನ್ನು ಇಳಿಸಿಕೊಳ್ಳಿ. ಹಳೆಯ ಕಾಲಕ್ಕೆ ಲ್ಯಾಂಡ್‌ಸ್ಯಾಟ್ 5 ಉಪಗ್ರಹ, ಈಚಿನದಕ್ಕೆ ಅದೇ ಸಾಲಿನ 8 ಅಥವಾ 9. ಲ್ಯಾಂಡ್‌ಸ್ಯಾಟ್ 7ರ ಚಿತ್ರಗಳಲ್ಲಿ 2003ರ ಮೇ ಕೊನೆಯಿಂದ ಖಾಲಿ ಪಟ್ಟೆಗಳಿವೆ, ಬಿಟ್ಟುಬಿಡಿ. ಎಲ್ಲ ವರ್ಷಕ್ಕೂ ತಿಂಗಳು ಒಂದೇ ಇರಲಿ: ಜನವರಿ ಅಥವಾ ಫೆಬ್ರವರಿ, ಮೋಡದ ಕಾಟ ಕಡಿಮೆ. ನವೆಂಬರ್‌ನ ಕೆರೆಯನ್ನು ಮೇ ತಿಂಗಳ ಕೆರೆಗೆ ಹೋಲಿಸಿದರೆ ಕಾಣುವುದು ಬೇಸಿಗೆಯಷ್ಟೇ. ಬರದ ವರ್ಷವೊಂದನ್ನು ಹಿಡಿದು ‘ಬತ್ತಿತು’ ಎನ್ನಬೇಡಿ. ಹಿಂದುಮುಂದಿನ ವರ್ಷಗಳನ್ನೂ ಮಳೆಯ ಅಂಕಿಯನ್ನೂ ನೋಡಿ.

ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕ್ಯುಲೇಟರ್‌ನಲ್ಲಿ ಪ್ರತಿ ಬ್ಯಾಂಡನ್ನೂ (ಒಂದೊಂದು ಬಗೆಯ ಬೆಳಕಿನ ಪದರ) ಮೊದಲು 0.0000275ರಿಂದ ಗುಣಿಸಿ 0.2 ಕಳೆಯಿರಿ, ಆಗ ಕಡತದ ಅಂಕಿ ಪ್ರತಿಫಲನದ ಪ್ರಮಾಣವಾಗುತ್ತದೆ. ಮುಂದೆ ಬರುವ ಅನುಪಾತದಲ್ಲಿ ಹೇಗೂ ರದ್ದಾಗುತ್ತದೆಂದು ಹಲವರು ಇದನ್ನು ಬಿಡುತ್ತಾರೆ. ಗುಣಕ ರದ್ದಾಗುತ್ತದೆ, ಕಳೆದ 0.2 ರದ್ದಾಗುವುದಿಲ್ಲ, ಉತ್ತರ ತಪ್ಪುತ್ತದೆ. ಆಮೇಲೆ ಹಸಿರು ಬ್ಯಾಂಡಿನಿಂದ ನಿಯರ್ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಅವಕೆಂಪು ಬೆಳಕು) ಕಳೆದು, ಅವೆರಡರ ಮೊತ್ತದಿಂದ ಭಾಗಿಸಿ. ಲ್ಯಾಂಡ್‌ಸ್ಯಾಟ್ 5ರಲ್ಲಿ ಅವು ಬ್ಯಾಂಡ್ 2 ಮತ್ತು 4, 8–9ರಲ್ಲಿ 3 ಮತ್ತು 5. ಸೊನ್ನೆಗಿಂತ ಹೆಚ್ಚಿದ್ದರೆ ನೀರು ಎಂದು ಶುರುಮಾಡಿ, ದಡದಲ್ಲಿ ಮೂಲ ಚಿತ್ರದೊಂದಿಗೆ ತಾಳೆ ನೋಡಿ ಮಿತಿಯನ್ನು ಸ್ವಲ್ಪ ಸರಿಸಿ.

ಬೆಳ್ಳಂದೂರಿನಲ್ಲಿ ನಿಜವಾದ ಪೇಚು ಜಲಕಳೆ. ಕಳೆ ಮುಚ್ಚಿದ ನೀರು ಈ ಲೆಕ್ಕದಲ್ಲಿ ಗದ್ದೆಯಂತೆ ಕಾಣುತ್ತದೆ. ಕಳೆ ತೆಗೆದ ವರ್ಷ ಕೆರೆ ‘ಬೆಳೆದಂತೆ’ ತೋರುತ್ತದೆ. ಆದ್ದರಿಂದ ಕಳೆಗೆ ಬೇರೆಯೇ ಬಣ್ಣ ಕೊಡಿ: ಕೆರೆಯಂಗಳದ ಗಡಿಯೊಳಗೆ ಹಸಿರು ಕಂಡದ್ದನ್ನು ‘ಕಳೆ ಅಥವಾ ಜೌಗು’ ಎಂದು ಗುರುತಿಸಿ. ಗಡಿಗೆ ಭೂಮಾಪನ ಇಲಾಖೆಯ ಗ್ರಾಮನಕ್ಷೆ ಆಧಾರ. ಅದನ್ನು ಜಿಯೋರೆಫರೆನ್ಸ್ ಮಾಡುವಾಗ (ನೆಲದ ಮೇಲಿನ ನಿಜವಾದ ಜಾಗಕ್ಕೆ ಹೊಂದಿಸುವಾಗ) ಏರಿಯ ತುದಿ, ಹಳೆಯ ರಸ್ತೆ ಕೂಡುವ ಜಾಗದಂಥ ಆರೆಂಟು ಬಿಂದುಗಳನ್ನು ಎಲ್ಲ ದಿಕ್ಕಿಗೂ ಹರಡಿ ಹಾಕಿ. ಒತ್ತುವರಿಯ ಮಾತೆತ್ತಲು ಈ ಗಡಿ ಬೇಕೇ ಬೇಕು. ನೀರಿನ ನಕ್ಷೆ ಒಂದೇ ಸಾಲದು.

ಹಳೆಯ ನಕ್ಷೆಯನ್ನು (ನೀರು 1, ಉಳಿದದ್ದು 0) 2ರಿಂದ ಗುಣಿಸಿ ಹೊಸದಕ್ಕೆ ಕೂಡಿದರೆ 3 ಉಳಿದ ನೀರು, 2 ಹೋದದ್ದು, 1 ಹೊಸತು. ಒಂದು ಪಿಕ್ಸೆಲ್ (ಚಿತ್ರದ ಒಂದು ಚುಕ್ಕೆ) 900 ಚದರ ಮೀಟರ್, ಎಣಿಸಿ ಗುಣಿಸಿದರೆ ವಿಸ್ತೀರ್ಣ. ಪದರಗಳೆಲ್ಲ ಮೀಟರ್ ಲೆಕ್ಕದ ಒಂದೇ ನಿರ್ದೇಶಾಂಕ ಪದ್ಧತಿ ಯುಟಿಎಂ 43 ಉತ್ತರ, ಅಂದರೆ ಕ್ಯೂಜಿಐಎಸ್‌ನಲ್ಲಿ ಇಪಿಎಸ್‌ಜಿ 32643 ಸಂಖ್ಯೆಯದರಲ್ಲಿರಲಿ. ದಡದ ಪಿಕ್ಸೆಲ್‌ಗಳಲ್ಲಿ ನೀರೂ ನೆಲವೂ ಬೆರೆತಿರುವುದರಿಂದ ಒಂದೆರಡು ಹೆಕ್ಟೇರಿನ ಕಟ್ಟೆಗಳಿಗೆ ಈ ಲೆಕ್ಕ ನಂಬಬೇಡಿ. ಅಲ್ಲಿಗೆ 2015ರಿಂದೀಚೆಗೆ ಸಿಗುವ 10 ಮೀಟರಿನ ಸೆಂಟಿನೆಲ್-2 ವಾಸಿ.

ಬಣ್ಣಕ್ಕೆ ಕೆಂಪು–ಹಸಿರು ಜೋಡಿ ಬೇಡ, ಬಣ್ಣಗುರುಡು ಇರುವ ಹಲವರಿಗೆ ಎರಡೂ ಒಂದೇ ತರ ಕಾಣುತ್ತವೆ, ನೀಲಿ–ಕಿತ್ತಳೆ ಸಾಕು. ಅನಿಮೇಷನ್‌ಗಿಂತ ಒಂದೇ ಅಳತೆಯ ನಕ್ಷೆಗಳು ಅಕ್ಕಪಕ್ಕ ಇದ್ದರೆ ಓದಲು ಸುಲಭ. ಪ್ರತಿಯೊಂದರ ಮೇಲೂ ವರ್ಷ ಮಾತ್ರವಲ್ಲ, ಚಿತ್ರ ತೆಗೆದ ತಾರೀಖನ್ನೂ ಹಾಕಿ.