ವಿಂಡೋಸ್ ಹೊಸದಾಯಿತು, ವೈ-ಫೈ ಎಲ್ಲಿ ಹೋಯಿತು?

ಉಡುಪಿಯ ಅಕ್ಕನ ಮನೆಗೆ ಊಟಕ್ಕೆಂದು ಹೋದವನು ಲ್ಯಾಪ್‌ಟಾಪ್ ಮುಂದೆಯೇ ಸಂಜೆ ಮಾಡಿದೆ. ಮನೆಯಿಂದಲೇ ಕಚೇರಿ ಕೆಲಸ ಮಾಡುವ ಅವಳ ಮಗಳು ಹಿಂದಿನ ರಾತ್ರಿ ವಿಂಡೋಸ್ 10 ಬಿಟ್ಟು 11ಕ್ಕೆ ಬಂದಿದ್ದಳು. ಬೆಳಿಗ್ಗೆ ವೈ-ಫೈ ಪಟ್ಟಿಯೇ ಖಾಲಿ. “ಮಾವ, ರೂಟರನ್ನು ಮೂರು ಸಲ ಆಫ್ ಮಾಡಿ ಆನ್ ಮಾಡಿದೆ” ಎಂದಳು. ರೂಟರ್ ಪಾಪ, ಏನೂ ತಪ್ಪು ಮಾಡಿರಲಿಲ್ಲ.

ತಪ್ಪು ಹಳೆಯ ವಿಪಿಎನ್ ಕ್ಲೈಂಟ್‌ನದು, ಅಂದರೆ ಮನೆಯಿಂದ ಕಚೇರಿಯ ನೆಟ್‌ವರ್ಕ್‌ಗೆ ಸುರಕ್ಷಿತವಾಗಿ ಜೋಡಿಸುವ ತಂತ್ರಾಂಶದ್ದು. ಇಂಥ ತಂತ್ರಾಂಶ ನೆಟ್‌ವರ್ಕ್ ಅಡಾಪ್ಟರ್ (ಕಂಪ್ಯೂಟರನ್ನು ನೆಟ್‌ವರ್ಕ್‌ಗೆ ಸೇರಿಸುವ ಭಾಗ) ಮೇಲೆ ಫಿಲ್ಟರ್ ಡ್ರೈವರ್ ಒಂದನ್ನು ಕೂರಿಸುತ್ತದೆ. ತಲಪಾಡಿ ಗಡಿಯ ಗೇಟಿನಂತೆ, ಹೋಗಿಬರುವ ದತ್ತಾಂಶವೆಲ್ಲ ಅದನ್ನು ದಾಟಬೇಕು. ಹೊಸ ವಿಂಡೋಸ್‌ಗೆ ಅದು ಹೊಂದದಿದ್ದರೆ ಗೇಟು ಮುಚ್ಚಿದಂತೆಯೇ. 2015ರಲ್ಲಿ ವಿಂಡೋಸ್ 10 ಬಂದಾಗಲೂ ಹಳೆಯ ವಿಪಿಎನ್ ಇದ್ದ ಕಂಪ್ಯೂಟರ್‌ಗಳಲ್ಲಿ ವೈ-ಫೈ ಹೀಗೆಯೇ ಮಾಯವಾಗಿತ್ತು.

ಇನ್ನೂ ಅಪ್‌ಗ್ರೇಡ್ ಮಾಡದವರು ಮೊದಲು ಕ್ಲೈಂಟ್‌ನ ಹೊಸ ಆವೃತ್ತಿಯನ್ನೂ ವೈ-ಫೈ ಡ್ರೈವರನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಬಳಿಕ ಹಳೆಯ ಕ್ಲೈಂಟನ್ನು ಅನ್‌ಇನ್‌ಸ್ಟಾಲ್ ಮಾಡಿ. ಡಿಸ್‌ಕನೆಕ್ಟ್ ಮಾಡಿದರೆ ಸಾಲದು, ಡ್ರೈವರ್ ಕುಳಿತಲ್ಲೇ ಇರುತ್ತದೆ. ಮೈಕ್ರೋಸಾಫ್ಟ್‌ನದ್ದಲ್ಲದ ಆಂಟಿವೈರಸ್ ಇದ್ದರೆ ಅದನ್ನೂ ತೆಗೆಯಿರಿ. ರೀಸ್ಟಾರ್ಟ್ ಮಾಡಿ, ಚಾರ್ಜರ್ ಸಿಕ್ಕಿಸಿ, ಆಮೇಲೆ ಅಪ್‌ಗ್ರೇಡ್. ಗುಡುಗು ಕೇಳಿಸುತ್ತಿದ್ದರೆ ನಾಳೆಗೆ ಇಡಿ. ಲ್ಯಾಪ್‌ಟಾಪ್ ಕಚೇರಿಯದ್ದಾದರೆ ಐಟಿ ವಿಭಾಗದವರನ್ನು ಕೇಳದೆ ಏನನ್ನೂ ಮುಟ್ಟಬೇಡಿ.

ಅಪ್‌ಗ್ರೇಡ್ ಮುಗಿದು ಸಿಕ್ಕಿಬಿದ್ದವರಿಗೆ ಯುಎಸ್‌ಬಿ ಟೆದರಿಂಗ್, ಅಂದರೆ ಮೊಬೈಲ್‌ನ ಇಂಟರ್ನೆಟ್ಟನ್ನು ಕೇಬಲ್ ಮೂಲಕ ಪಡೆಯುವುದು, ನೆನಪಾಗುತ್ತದೆ. ಅದೇ ಫಿಲ್ಟರ್ ಅದಕ್ಕೂ ಅಂಟಿಕೊಳ್ಳಬಹುದು. ಹೊಸ ಕ್ಲೈಂಟ್‌ನ ಇನ್‌ಸ್ಟಾಲರನ್ನು ಮೊಬೈಲ್‌ನಲ್ಲಿ ಇಳಿಸಿ ಕೇಬಲ್ ಮೂಲಕ ಫೈಲ್ ಆಗಿಯೇ ನಕಲಿಸುವುದು ಲೇಸು. ಹಳೆಯ ಕ್ಲೈಂಟ್ ತೆಗೆದು ರೀಸ್ಟಾರ್ಟ್ ಮಾಡಿ. ಆಗಲೂ ಬರದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ ವೈ-ಫೈ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಅಕ್ಕನ ಮಗಳ ಲ್ಯಾಪ್‌ಟಾಪ್‌ನಲ್ಲಿ ಕ್ಲೈಂಟ್ ಹೋಗಿದ್ದರೂ ಅದರ ಹೆಸರು ಮಾತ್ರ ಟಿಕ್ ಸಮೇತ ಅಲ್ಲೇ ಕುಳಿತಿತ್ತು. ಐಟಿಯವರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಆ ಸಾಲನ್ನು ಆರಿಸಿ ಅನ್‌ಇನ್‌ಸ್ಟಾಲ್ ಒತ್ತಿದೆವು. ವೈ-ಫೈ ಬಂತು.

ನೆಟ್‌ವರ್ಕ್ ರಿಸೆಟ್ ಕೊನೆಯ ಉಪಾಯ. ಅದು ಅಡಾಪ್ಟರ್‌ಗಳನ್ನೆಲ್ಲ ತೆಗೆದು ಮತ್ತೆ ಸೇರಿಸುತ್ತದೆ, ಆದ್ದರಿಂದ ವೈ-ಫೈ ಪಾಸ್‌ವರ್ಡ್ ಕೈಯಲ್ಲಿರಲಿ. ಅದೂ ಸೋತರೆ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿಯಲ್ಲಿ ಹಳೆಯ ವಿಂಡೋಸ್‌ಗೆ ಮರಳುವ ಗುಂಡಿ ಇದೆ. ಅದಕ್ಕೆ ಸಾಮಾನ್ಯವಾಗಿ 10 ದಿನಗಳ ಗಡುವು. ಜಾಗ ಮಾಡಿಕೊಳ್ಳಲು ಹಳೆಯ ವಿಂಡೋಸ್ ಫೈಲ್‌ಗಳನ್ನು ಅಳಿಸಿಬಿಟ್ಟಿದ್ದರೆ ಅಷ್ಟೂ ಇಲ್ಲ.