ಕ್ಯಾಂಪಸ್ ಬಯಲಿನಲ್ಲಿ ಸುವಾರ್ತೆ: ನನ್ನ ಅನುಭವ

ಅಮೆರಿಕದ ಒಂದು ಸರಕಾರಿ ವಿಶ್ವವಿದ್ಯಾಲಯದ ಬಯಲಿನಲ್ಲಿ ನಿಂತು ನಾನು ಯೇಸುವಿನ ಸುವಾರ್ತೆ ಸಾರುತ್ತೇನೆ. ಈ ಸೇವೆಗೆ ಬರಬೇಕು ಅನ್ನೋ ಯುವಕರು ಮೊದಲು ಕೇಳುವುದು, "ಅಣ್ಣಾ, ಏನು ಮಾತಾಡಬೇಕು?" ಅಂತ. ಎಲ್ಲಿ ನಿಲ್ಲಬೇಕು, ಯಾರ ಜೊತೆ ಮಾತಾಡಬೇಕು ಅನ್ನುವುದನ್ನು ಮೊದಲು ಕೇಳಿ ಅಂತೀನಿ ನಾನು. ಸಭೆಯೊಳಗೆ, ಅಂದರೆ ಚರ್ಚಿನಲ್ಲಿ, ಜನ ಕೇಳಲಿಕ್ಕೇ ಬಂದು ಕೂತಿರುತ್ತಾರೆ. ಬಯಲಿನಲ್ಲಿ ಎಲ್ಲರೂ ನಡೆಯುತ್ತಿರುತ್ತಾರೆ. ಕಿವಿಯಲ್ಲಿ ಇಯರ್‌ಫೋನ್, ತಲೆಯಲ್ಲಿ ಮುಂದಿನ ಕ್ಲಾಸು. ಭಾನುವಾರದ ಪ್ರಸಂಗವನ್ನು ಹಾಗೇ ತಂದು ಅಲ್ಲಿ ಒಪ್ಪಿಸಿದರೆ ಯಾರೂ ನಿಲ್ಲುವುದಿಲ್ಲ. ಬಯಲಿನ ಬೋಧನೆ ನಡೆಯುವುದು ಪ್ರಶ್ನೆ, ಉತ್ತರದಲ್ಲಿ. ಯೇಸುವಿನ ಅಪೊಸ್ತಲನಾದ ಪೌಲ ಗ್ರೀಸಿನ ಅಥೇನೆ (ಅಥೆನ್ಸ್) ಪಟ್ಟಣದಲ್ಲಿ ಮಾಡಿದ್ದೂ ಅದನ್ನೇ. ಅಲ್ಲಿನ ಅರಿಯೊಪಾಗ ಅನ್ನುವ ಕಡೆ ಅವನು ಮಾಡಿದ ಭಾಷಣವನ್ನು ಎಲ್ಲರೂ ನೆನಪಿಡುತ್ತಾರೆ. ಆದರೆ ಅದಕ್ಕೂ ಮೊದಲು ಅವನು ದಿನಾಲೂ ಪೇಟೆಯಲ್ಲಿ ಎದುರಿಗೆ ಸಿಕ್ಕವರ ಸಂಗಡ ಚರ್ಚೆ ಮಾಡುತ್ತಿದ್ದ ಅಂತ ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 17ನೇ ಅಧ್ಯಾಯದಲ್ಲಿ ಬರೆದಿದೆ. ಭಾಷಣಕ್ಕೆ ಕರೆ ಬಂದಿದ್ದು ಆ ಚರ್ಚೆಯಿಂದಲೇ.

ಅನುಮತಿಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಸರಕಾರಿ ವಿಶ್ವವಿದ್ಯಾಲಯಕ್ಕೆ ಅಮೆರಿಕದ ಸಂವಿಧಾನದ ಮೊದಲನೇ ತಿದ್ದುಪಡಿ, ಅಂದರೆ ಮಾತಿನ ಮತ್ತು ಧರ್ಮದ ಸ್ವಾತಂತ್ರ್ಯ ಕಾಯುವ ನಿಯಮ, ಅನ್ವಯಿಸುತ್ತದೆ. ಖಾಸಗಿ ಕ್ಯಾಂಪಸ್ಸಿನ ಮಾತೇ ಬೇರೆ, ಅಲ್ಲಿ ಹೋಗಿ ಅಂದರೆ ಹೊರಡಬೇಕು. ಸರಕಾರಿ ಕ್ಯಾಂಪಸ್ಸೂ ಸಮಯ, ಜಾಗ, ರೀತಿಗೆ ನಿಯಮ ಹಾಕಬಹುದು. ಮೈಕ್ ಬೇಡ ಅನ್ನಬಹುದು, ಮೊದಲೇ ಹೆಸರು ಕೊಡಿ ಅನ್ನಬಹುದು. ನೀವು ಹೇಳುವ ವಿಷಯ ಇಷ್ಟವಾಗಲಿಲ್ಲ ಅಂತ ತಡೆಯುವ ಹಾಗಿಲ್ಲ. 2006ರಲ್ಲಿ ಅರ್ಕನ್ಸಾ ವಿಶ್ವವಿದ್ಯಾಲಯದ ವಿರುದ್ಧ ಬೀದಿ ಬೋಧಕರೊಬ್ಬರು ಹೂಡಿದ್ದ ಕೇಸಿನಲ್ಲಿ ಮೇಲ್ಮನವಿ ಕೋರ್ಟು, ಮುಂಚಿತವಾಗಿ ಅನುಮತಿ ಕೇಳುವ ನಿಯಮ ಸರಿ ಅಂತು, ಆದರೆ ಒಂದು ಸೆಮಿಸ್ಟರಿಗೆ ಐದೇ ದಿನ ಅನ್ನುವ ಮಿತಿಯನ್ನು ಒಪ್ಪಲಿಲ್ಲ. ಜಾರ್ಜಿಯಾದ ಒಂದು ಸರಕಾರಿ ಕಾಲೇಜಿನಲ್ಲಿ ವಿದ್ಯಾರ್ಥಿಯೊಬ್ಬ ಜಾಗ ಕಾಯ್ದಿರಿಸಿಕೊಂಡು ಸುವಾರ್ತೆ ಹೇಳುತ್ತಿದ್ದಾಗ ದೂರು ಬಂತೆಂದು ನಿಲ್ಲಿಸಿದ್ದರು. ಆ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾಲೇಜು ಅಷ್ಟರಲ್ಲಿ ನಿಯಮ ಬದಲಿಸಿತ್ತು. ಆದರೂ ಹಕ್ಕಿಗೆ ಧಕ್ಕೆ ಆಗಿದ್ದರೆ ಹೆಸರಿಗೆ ಮಾತ್ರದ ಪರಿಹಾರಕ್ಕಾಗಿಯೂ ಕೇಸು ನಡೆಸಬಹುದು ಅಂತ 2021ರಲ್ಲಿ 8-1ರ ತೀರ್ಪು ಬಂತು.

ಇಷ್ಟು ತಿಳಿದಿದ್ದರೂ ನಾನು ಕಾನೂನನ್ನು ಬಾಯಲ್ಲಿ ಎತ್ತುವುದಿಲ್ಲ. ಅನುಮತಿಯ ಫಾರ್ಮ್ ತುಂಬಿ, ಅದರ ಪ್ರತಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಕ್ಯಾಂಪಸ್ ಪೊಲೀಸರು ಬಂದರೆ ನಗುತ್ತಾ ತೋರಿಸುತ್ತೇನೆ. ಅವರು ಅವರ ಕೆಲಸ ಮಾಡುತ್ತಿದ್ದಾರೆ, ಅಷ್ಟೇ. ನಾನು ಅವರ ಜೊತೆ ಹೇಗೆ ಮಾತಾಡುತ್ತೇನೆ ಅನ್ನುವುದನ್ನು ಸುತ್ತ ನಿಂತ ವಿದ್ಯಾರ್ಥಿಗಳು ನನ್ನ ಬೋಧನೆಗಿಂತ ಜಾಸ್ತಿ ಗಮನಿಸುತ್ತಾರೆ.

ಇನ್ನು ಜಾಗ. ಹುಲ್ಲುಹಾಸಿನ ನಟ್ಟನಡುವೆ ನಿಂತರೆ ಮಾತು ಗಾಳಿಗೆ ಹೋಗುತ್ತದೆ. ನಾನು ಹುಡುಕುವುದು ಎರಡು ದಾರಿ ಸೇರುವ ಕಡೆ, ಬೆನ್ನ ಹಿಂದೆ ಒಂದು ಗೋಡೆ ಇರುವ ಮೂಲೆಯನ್ನು. ಗೋಡೆಗೆ ಬಡಿದು ದನಿ ಮುಂದಕ್ಕೆ ಬರುತ್ತದೆ. ಗಾಳಿ ನನ್ನ ಕಡೆಯಿಂದ ಕೇಳುವವರ ಕಡೆಗೆ ಬೀಸಬೇಕು. ಬಿಸಿಲು ನನ್ನ ಮುಖಕ್ಕೆ ಬೀಳಬೇಕು, ಅವರ ಮುಖಕ್ಕಲ್ಲ. ಕಣ್ಣು ಕಿರಿದು ಮಾಡಿಕೊಂಡು ಯಾರೂ ತುಂಬಾ ಹೊತ್ತು ನಿಲ್ಲುವುದಿಲ್ಲ, ಅಲ್ವಾ? ದಾರಿಗೆ ಅಡ್ಡ ನಿಲ್ಲಬಾರದು. ಕ್ಲಾಸು ನಡೆಯುವ ಕಿಟಕಿಯ ಕೆಳಗಂತೂ ನಿಲ್ಲಲೇಬಾರದು. ಮಧ್ಯಾಹ್ನ ಊಟದ ಹೊತ್ತು ಒಳ್ಳೆಯದು. ಪರೀಕ್ಷೆಯ ವಾರ ನಾನು ಹೋಗುವುದಿಲ್ಲ. ಆ ವಾರ ಅವರನ್ನು ಅವರ ಪಾಡಿಗೆ ಬಿಡುವುದೇ ಪ್ರೀತಿ.

ದನಿಯ ಬಗ್ಗೆ ಹೇಳುವಾಗ ಹದಿನೆಂಟನೇ ಶತಮಾನದ ಬೋಧಕ ಜಾರ್ಜ್ ವಿಟ್‌ಫೀಲ್ಡ್ ನೆನಪಾಗುತ್ತಾರೆ. 1739ರ ಫೆಬ್ರವರಿಯಲ್ಲಿ ಅವರು ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರದ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳಿಗೆ ಬಯಲಿನಲ್ಲೇ ಬೋಧಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿಯೂ ಹಿಂಜರಿಕೆ ಬಿಟ್ಟು ಬಯಲಿಗೆ ಬಂದರು. ಮುಂದೆ ವಿಟ್‌ಫೀಲ್ಡ್ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದಾಗ ಬೆಂಜಮಿನ್ ಫ್ರಾಂಕ್ಲಿನ್ ದನಿ ಕೇಳಿಸದಂತಾಗುವ ತನಕ ಹಿಂದೆ ಹಿಂದೆ ನಡೆದು ನೋಡಿದರು. ಆ ದೂರವನ್ನು ಹಿಡಿದು ಲೆಕ್ಕ ಹಾಕಿ, 30,000ಕ್ಕೂ ಹೆಚ್ಚು ಜನರಿಗೆ ಕೇಳಿಸಬಹುದು ಅಂತ ಬರೆದಿಟ್ಟರು. ನಮ್ಮ ನಿಮ್ಮಂಥವರಿಗೆ ಅಂಥ ಗಂಟಲು ಇಲ್ಲ, ಬೇಕಾಗಿಯೂ ಇಲ್ಲ. ಮೂವತ್ತು ಜನಕ್ಕೆ ಕೇಳಿದರೆ ಸಾಕು. ಆದರೆ ಉಸಿರು ಹೊಟ್ಟೆಯಿಂದ ಬರಬೇಕು. ಗಂಟಲಿನಿಂದ ಕಿರುಚಿದರೆ ದನಿ ಬೇಗ ಕಟ್ಟುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಕಿರುಚುವ ದನಿ ಸಿಟ್ಟಿನ ದನಿಯ ಹಾಗೆಯೇ ಕೇಳುತ್ತದೆ. ವಾಕ್ಯ ಚಿಕ್ಕದಿರಲಿ. ಒಂದು ವಾಕ್ಯ ಆದ ಮೇಲೆ ಸ್ವಲ್ಪ ಸುಮ್ನೆ ಇರಿ, ದೂರದವರಿಗೂ ಅದು ತಲುಪಲಿ.

ಮೊದಲು ಜನರನ್ನು ನಿಲ್ಲಿಸುವುದೇ ಕಷ್ಟ. ಇದಕ್ಕೆ ನಾನು ಚಿತ್ರದ ಹಲಗೆ ಇಡುತ್ತೇನೆ. 1892ರಲ್ಲಿ ಸಿಡ್ನಿಯಲ್ಲಿ ಶುರುವಾದ ಓಪನ್ ಏರ್ ಕ್ಯಾಂಪೇನರ್ಸ್ ಸಂಸ್ಥೆಯವರು ಇದನ್ನು ತುಂಬಾ ಬಳಸುತ್ತಾರೆ. ಹಲಗೆಗೆ ಬಿಳಿ ಕಾಗದ ಹಾಕಿ, ಅಗಲವಾದ ಬ್ರಷ್ಷಿನಿಂದ ಅಕ್ಷರಗಳ ಕೆಲವು ಗೆರೆಗಳನ್ನು ಮಾತ್ರ ಮೊದಲೇ ಎಳೆದಿಡಬೇಕು. ನೋಡಿದರೆ ಏನೆಂದು ಗೊತ್ತಾಗಬಾರದು, ಬರೀ ಅಡ್ಡ ಉದ್ದ ಗೀಟುಗಳು. ಮಾತಾಡುತ್ತಾ ಒಂದೊಂದೇ ಗೆರೆ ಸೇರಿಸುತ್ತಾ ಹೋದರೆ ಪದ ಮೂಡುತ್ತದೆ. ಅದು ಏನು ಪದ ಅಂತ ತಿಳಿಯುವ ತನಕ ಹುಡುಗರು ಕದಲುವುದಿಲ್ಲ. ನನ್ನ ಜೊತೆ ಬಂದ ಒಬ್ಬಿಬ್ಬರು ಎದುರಿಗೆ ನಿಂತು ನಿಜವಾಗಿ ಕೇಳಿಸಿಕೊಳ್ಳುತ್ತಾರೆ. ಆದರೆ ಅಪರಿಚಿತರ ಹಾಗೆ ನಟಿಸಿ ಸುಳ್ಳು ಪ್ರಶ್ನೆ ಕೇಳುವುದು ಬೇಡ ಅಂತ ಅವರಿಗೆ ಹೇಳಿದ್ದೇನೆ. ಸತ್ಯ ಹೇಳಲು ಬಂದವರಿಗೆ ಅದು ಒಪ್ಪುವುದಿಲ್ಲ.

ಆಮೇಲೆ ಒಂದು ಪ್ರಶ್ನೆ ಬರುತ್ತದೆ. ಬೋಧನೆ ಶುರುವಾಗುವುದು ಆಗಲೇ. ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುವಂತೆ ಮತ್ತೆ ಹೇಳುತ್ತೇನೆ. ಕೇಳಿದವನು "ಹೌದು, ನಾನು ಕೇಳಿದ್ದು ಅದನ್ನೇ" ಅನ್ನಬೇಕು. ಅಲ್ಲಿಯ ತನಕ ಉತ್ತರ ಕೊಡುವುದಿಲ್ಲ. ಗೇಲಿ ಮಾಡುವವರಿಗೆ ಒಂದು ಸಲ ನಗುತ್ತಾ ಉತ್ತರ ಕೊಟ್ಟು, ನಿಜವಾದ ಪ್ರಶ್ನೆ ಇರುವವರ ಕಡೆ ತಿರುಗುತ್ತೇನೆ. ವಿಜ್ಞಾನ ಮತ್ತು ದೇವರು, ಬೇರೆ ಧರ್ಮದವರ ಗತಿ, ಸಭೆಯ ಹೆಸರಿನಲ್ಲಿ ನಡೆದ ಅನ್ಯಾಯ, ಇವು ಯಾವಾಗಲೂ ಬರುತ್ತವೆ. ಕೊನೆಯದಕ್ಕೆ ನೆಪ ಹೇಳಬಾರದು. ಅನ್ಯಾಯ ಅನ್ಯಾಯವೇ ಅಂತ ಒಪ್ಪಿಕೊಂಡು, ಆಮೇಲೆ ಯೇಸುವಿನ ಕಡೆ ತೋರಿಸಬೇಕು.

ಒಮ್ಮೆ ಒಬ್ಬ ಹುಡುಗಿ ದೂರದಲ್ಲೇ ನಿಂತು ಕೂಗಿ ಕೇಳಿದಳು, "ನನ್ನ ತಮ್ಮನಿಗೆ ಕ್ಯಾನ್ಸರ್. ನಿಮ್ಮ ದೇವರು ಎಲ್ಲಿದ್ದಾನೆ?" ನಾನು ನಿಂತಿದ್ದ ಸ್ಟೂಲಿನಿಂದ ಇಳಿದೆ. ತಮ್ಮನ ಹೆಸರು ಕೇಳಿದೆ. ವಯಸ್ಸು ಕೇಳಿದೆ. ಅವಳು ಹೇಳುತ್ತಾ ಹತ್ತಿರ ಬಂದಳು. ಕೇಡು ಯಾಕಿದೆ ಅನ್ನುವುದಕ್ಕೆ ನನ್ನ ಹತ್ತಿರ ವಾದ ಇತ್ತು, ಅದನ್ನು ತೆಗೆಯಲಿಲ್ಲ. ಬೈಬಲಿನಲ್ಲಿ ತಮ್ಮ ಲಾಜರ ಸತ್ತ ಮೇಲೆ ಅವನ ಅಕ್ಕಂದಿರಾದ ಮಾರ್ಥ ಮತ್ತು ಮರಿಯ ಇಬ್ಬರೂ ಯೇಸುವಿಗೆ ಅಂದಿದ್ದನ್ನು ಹೇಳಿದೆ: ಸ್ವಾಮೀ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. "ನೀವು ಕೇಳಿದ ಪ್ರಶ್ನೆಯೇ ಅದು. ಯೇಸು ಅವರನ್ನು ಗದರಿಸಲಿಲ್ಲ, ಅತ್ತರು. ಆಮೇಲೆ ಸಮಾಧಿಯ ಬಾಗಿಲ ಕಲ್ಲು ತೆಗೆಯಿರಿ ಅಂದರು" ಅಂದೆ. ಸುತ್ತ ನಿಂತವರೆಲ್ಲ ಸುಮ್ಮನಾಗಿದ್ದರು. ಅವಳು ಆ ದಿನ ವಿಶ್ವಾಸಕ್ಕೆ ಬರಲಿಲ್ಲ. ನಮ್ಮ ಜೊತೆ ಇದ್ದ ಅಕ್ಕನ ಹತ್ತಿರ ಕೂತು ತುಂಬಾ ಹೊತ್ತು ಮಾತಾಡಿದಳು. ಆ ಹುಡುಗನಿಗಾಗಿ ನಾವು ಈಗಲೂ ಹೆಸರು ಹಿಡಿದು ಪ್ರಾರ್ಥಿಸುತ್ತೇವೆ.

ಬೈದು ಜನ ಸೇರಿಸುವ ಬೋಧಕರೂ ಕ್ಯಾಂಪಸ್ಸಿಗೆ ಬರುತ್ತಾರೆ. ಹುಡುಗಿಯರ ಬಟ್ಟೆ ನೋಡಿ ಕೂಗುತ್ತಾರೆ. ಜನ ಸೇರುವುದು ನಿಜ, ಆದರೆ ಸೇರುವುದು ಜಗಳ ನೋಡಲಿಕ್ಕೆ. ಅವರು ಹೋದ ಮೇಲೆ ಅಲ್ಲಿನ ಕ್ರೈಸ್ತ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಆ ಮಾತಿಗೆ ಉತ್ತರ ಕೊಡುತ್ತಾ ಇರಬೇಕು. ಅಥೇನೆಯ ತುಂಬಾ ವಿಗ್ರಹ ಕಂಡು ಪೌಲನ ಮನಸ್ಸು ಕುದಿದಿತ್ತು. ಆದರೂ ಬಾಯಿ ತೆರೆದಾಗ, ನೀವು ತುಂಬಾ ದೈವಭಕ್ತರು ಅಂತ ಶುರು ಮಾಡಿದ. 'ತಿಳಿಯದ ದೇವರಿಗೆ' ಅನ್ನುವ ಅವರದೇ ಬಲಿಪೀಠ ತೋರಿಸಿದ, ಅವರದೇ ಕವಿಗಳ ಮಾತು ಎತ್ತಿದ. ಹಾಗಂತ ಪಾಪ, ಮಾನಸಾಂತರ, ನ್ಯಾಯತೀರ್ಪು ಯಾವುದನ್ನೂ ಬಿಡಲಿಲ್ಲ. ನಾನೂ ಬಿಡುವುದಿಲ್ಲ. ಪಾಪದ ಬಗ್ಗೆ ಹೇಳುವಾಗ 'ನೀವು' ಅನ್ನದೆ 'ನಾವು' ಅನ್ನುತ್ತೇನೆ, ಯಾಕೆಂದರೆ ಅದೇ ನಿಜ.

ಮುಗಿದ ಮೇಲೆ ಉಳಿದವರಿಗೆ ಮಾರ್ಕನ ಸುವಾರ್ತೆಯ ಚಿಕ್ಕ ಪುಸ್ತಕ ಕೊಡುತ್ತೇನೆ. 16 ಅಧ್ಯಾಯ, ಒಂದೇ ಸಂಜೆಯಲ್ಲಿ ಓದಬಹುದು. ಬೇಡ ಅಂದವರ ಕೈಗೆ ತುರುಕುವುದಿಲ್ಲ. ಫೋನ್ ನಂಬರ್ ನಾನಾಗಿ ಕೇಳುವುದಿಲ್ಲ, ನಮ್ಮದು ಕೊಡುತ್ತೇವೆ. ಹುಡುಗಿಯರ ಜೊತೆ ನಮ್ಮ ಅಕ್ಕಂದಿರೇ ಮಾತಾಡುತ್ತಾರೆ. ಬದುಕೇ ಬೇಡ ಅನ್ನುವ ಸ್ಥಿತಿಯಲ್ಲಿ ಯಾರಾದರೂ ಇದ್ದರೆ, ಪ್ರಾರ್ಥನೆ ಮಾಡಿ ಅಷ್ಟಕ್ಕೇ ಕಳಿಸುವುದಿಲ್ಲ. ಕ್ಯಾಂಪಸ್ಸಿನ ಕೌನ್ಸೆಲಿಂಗ್ ಕೇಂದ್ರದ ತನಕ ಜೊತೆಗೆ ನಡೆದು ಹೋಗುತ್ತೇವೆ. ನೆಲದ ಮೇಲೆ ಬಿದ್ದ ಕರಪತ್ರ ಹೆಕ್ಕಿ, ಮುಂದಿನ ವಾರಕ್ಕೆ ಅದೇ ಜಾಗ, ಅದೇ ಹೊತ್ತು ಬರೆದು ಫಾರ್ಮ್ ಕೊಟ್ಟು ಬರುತ್ತೇನೆ. ಅಥೇನೆಯಲ್ಲಿ ಕೆಲವರು ಗೇಲಿ ಮಾಡಿದರು, ಕೆಲವರು ನಂಬಿದರು. ಇನ್ನೊಂದು ಸಾರಿ ಕೇಳುತ್ತೇವೆ ಅಂದವರೂ ಇದ್ದರು. ಅಂಥವರು ಪ್ರತಿ ಸಲವೂ ಇರುತ್ತಾರೆ. ಅವರು ಬಂದಾಗ ನಾವು ಅಲ್ಲಿರಬೇಕಲ್ಲ.