ಫಿಸಿಕ್ಸ್ ಓದಿ ಏನ್ ಸಿಕ್ತು? ನನ್ನ ಲೆಕ್ಕ ಇಲ್ಲಿದೆ

ಫಿಸಿಕ್ಸ್ ಓದಿದರೆ ಮೇಷ್ಟ್ರ ಕೆಲಸ ಬಿಟ್ಟು ಬೇರೇನಿದೆ ಅಂತ ಕೇಳುತ್ತಿದ್ದವರೇ ಈಗ ಮಕ್ಕಳ ಮಾರ್ಕ್ಸ್ ಕಾರ್ಡನ್ನು ನನಗೆ ವಾಟ್ಸಾಪ್ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಬರೆದೇ ಬಿಡುತ್ತೇನೆ.

2012ರಲ್ಲಿ ನನ್ನ ಪಿಯುಸಿ ಮುಗಿಯಿತು. ಸಿಇಟಿ ರ‍್ಯಾಂಕಿಗೆ ಒಳ್ಳೆಯ ಕಾಲೇಜು ಸಿಗುವಂತಿರಲಿಲ್ಲ. ಮ್ಯಾನೇಜ್‌ಮೆಂಟ್ ಸೀಟು, ಹಾಸ್ಟೆಲ್ ಎಲ್ಲ ಸೇರಿ ಎಂಟು ಲಕ್ಷದ ಮೇಲೆ ಖರ್ಚಿತ್ತು. ಕಾಫಿ, ಮೆಣಸಿನ ದುಡ್ಡು ಜೋಡಿಸಿ ಕೊಡಲು ಅಪ್ಪ ತಯಾರಿದ್ದರು. "ಅದರಲ್ಲಿ ಅರ್ಧ ಎಫ್‌ಡಿ ಇಡಿ, ನಾನು ಮಡಿಕೇರಿಯಲ್ಲೇ ಬಿಎಸ್ಸಿ ಸೇರ್ತೇನೆ" ಅಂದೆ. ದೊಡ್ಡಪ್ಪ ಸ್ವಲ್ಪ ದಿನ ಮಾತೇ ಬಿಟ್ಟರು.

ನನ್ನ ಉಪಾಯ ಇಷ್ಟೇ. ಫಿಸಿಕ್ಸಿಗೆ ಫೀಸು ಕಡಿಮೆ, ಕಾಯುವ ವರ್ಷ ಜಾಸ್ತಿ. ಫೀಸಲ್ಲಿ ಉಳಿದದ್ದನ್ನು ಕಾಯುವ ವರ್ಷಗಳಿಗೆ ಎತ್ತಿಡಬೇಕು.

ಬಿಎಸ್ಸಿಯ ಮೂರು ವರ್ಷಕ್ಕೆ ಫೀಸು, ಪುಸ್ತಕ, ಬಸ್ ಪಾಸು ಎಲ್ಲ ಸೇರಿ 30,000 ದಾಟಲಿಲ್ಲ. ಮಂಗಳೂರು ವಿವಿಯ ಮಂಗಳಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಎಂಎಸ್ಸಿಗೆ ಮೆಸ್ ಬಿಲ್ಲೂ ಸೇರಿ ಒಂದೂಕಾಲು ಲಕ್ಷದ ಹತ್ತಿರ ಆಯಿತು. ಸೈನ್ಸ್ ಓದುವವರಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಸಿಕ್ಕಿದ್ದರೆ ವರ್ಷಕ್ಕೆ 80,000 ಬರುತ್ತಿತ್ತು. ಅದಕ್ಕೆ ಬೋರ್ಡಿನ ಮೊದಲ ಶೇ. 1ರೊಳಗೆ ಇರಬೇಕಿತ್ತು, ನಾನಿರಲಿಲ್ಲ.

ಕಷ್ಟ ಶುರುವಾಗಿದ್ದು 2017ರ ನಂತರ. ಲೆಕ್ಚರರ್ ಕೆಲಸಕ್ಕೆ ಬೇಕಾದ ನೆಟ್ ಪರೀಕ್ಷೆ ಬರೆದಷ್ಟು ಸಲವೂ ಹೋಯಿತು. ಎಂಟೆಕ್, ಪಿಎಚ್‌ಡಿಗೆ ಬರೆಯುವ ಗೇಟ್ ಪಾಸಾಯಿತು, ಆದರೆ ಆ ರ‍್ಯಾಂಕಿಗೆ ಇಂಟರ್‌ವ್ಯೂ ಕಾಲ್ ಬರಲಿಲ್ಲ. ಘಾಟಿ ಕೆಳಗಿನ ಒಂದು ಖಾಸಗಿ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಆದೆ. ಗಂಟೆ ಲೆಕ್ಕದ ಸಂಬಳ, ಹೆಚ್ಚೆಂದರೆ ತಿಂಗಳಿಗೆ 12,000. ರಜೆಯ ತಿಂಗಳುಗಳಲ್ಲಿ ಅದೂ ಇಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಘಾಟಿ ಇಳಿಯುವ ಸಂಪಾಜೆ ರಸ್ತೆ ಬಂದ್ ಆಯಿತು. ಕ್ಲಾಸಿಗೆ ಹೋಗದ ದಿನಗಳ ದುಡ್ಡನ್ನು ಪೈಸೆ ಬಿಡದೆ ಹಿಡಿದುಕೊಂಡರು. ಅತ್ತ ಚಿಕ್ಕಪ್ಪನ ಮಗ ಬೆಂಗಳೂರಲ್ಲಿ ಎರಡನೇ ಕಂಪನಿಗೆ ಹಾರಿದ್ದ. ಮದುವೆ ಮನೆಗಳಲ್ಲಿ ಊಟದ ಪಂಕ್ತಿಯಲ್ಲೇ ನನ್ನ ಸಂಬಳ ಕೇಳುವವರಿದ್ದರು. ಎಫ್‌ಡಿ ಇಲ್ಲದಿದ್ದರೆ ಆಗಲೇ ಬಿ.ಇಡಿ ಸೇರಿ ಸುಮ್ನಾಗುತ್ತಿದ್ದೆ.

ದಾರಿ ಸಿಕ್ಕಿದ್ದು ಮುಂಬೈಯ ಬಾರ್ಕ್‌ನ (ಭಾಭಾ ಅಣು ಸಂಶೋಧನಾ ಕೇಂದ್ರ) ಡಿಪ್ ಆರ್‌ಪಿಯಿಂದ. ರೇಡಿಯಾಲಜಿಕಲ್ ಫಿಸಿಕ್ಸ್‌ನ ಒಂದು ವರ್ಷದ ಡಿಪ್ಲೊಮಾ ಅದು. 1962ರಿಂದ ನಡೆಯುತ್ತಿದೆ, ನಮ್ಮ ಕಡೆ ಅದರ ಹೆಸರು ಕೇಳಿದವರು ಕಡಿಮೆ. ಕ್ಯಾನ್ಸರಿಗೆ ರೇಡಿಯೇಷನ್ ಕೊಡುವ ಆಸ್ಪತ್ರೆಯಲ್ಲಿ ಅದರ ಪ್ರಮಾಣ ಲೆಕ್ಕ ಹಾಕುವ ಮೆಡಿಕಲ್ ಫಿಸಿಸಿಸ್ಟ್ ಇರಲೇಬೇಕು, ಅದು ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ನಿಯಮ. ಹಾಗಾಗಿ ಈ ಕೋರ್ಸ್ ಮಾಡಿದವರು ಖಾಲಿ ಕೂರುವುದು ಅಪರೂಪ. ಅದರ ಎಂಟ್ರೆನ್ಸ್ ಪರೀಕ್ಷೆಗೆ ಓದಿದ್ದು ಬಹುತೇಕ ಬಿಎಸ್ಸಿಯ ನ್ಯೂಕ್ಲಿಯರ್ ನೋಟ್ಸನ್ನೇ. ಯಾವ ಭಾಗಕ್ಕೆ ಎಷ್ಟು ದಿನ ಕೊಟ್ಟೆ ಅನ್ನೋದನ್ನು ಮಾತ್ರ ಹೇಳಲ್ಲ, ನನ್ನ ತಂಗಿ ಈ ವರ್ಷ ಬರೆಯುತ್ತಿದ್ದಾಳೆ.

ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಕೋವಿಡ್ ಕಾಲ, ಸ್ಟೈಪೆಂಡ್ ರೂಮ್ ಬಾಡಿಗೆಗೇ ಸರಿ. 2021ರ ಕೊನೆಗೆ ಮಂಗಳೂರಿನ ಒಂದು ಆಸ್ಪತ್ರೆ ಸೇರಿದೆ. 45,000ದಲ್ಲಿ ಶುರುವಾಗಿದ್ದು, ಆರ್‌ಎಸ್‌ಒ (ರೇಡಿಯೇಷನ್ ಸುರಕ್ಷತಾ ಅಧಿಕಾರಿ) ಪರೀಕ್ಷೆ ಪಾಸಾದ ಮೇಲೆ ಏರಿ ಈಗ 80,000ದ ಆಸುಪಾಸು. ಸಾಲ ಒಂದು ರೂಪಾಯಿ ಇಲ್ಲ.

ಬೆಳಿಗ್ಗೆ ರೋಗಿಗಳು ಬರುವ ಮೊದಲೇ ನಮ್ಮ ಕೆಲಸ ಶುರು. ಲಿನಾಕ್ ಅಂದರೆ ರೇಡಿಯೇಷನ್ ಕೊಡುವ ಮಷಿನ್. ಅದರ 6 ಎಂವಿ ಎಕ್ಸ್-ರೇ ಬೀಮ್ ಕೆಳಗೆ ರೇಡಿಯೇಷನ್ ಅಳೆಯುವ ಅಯಾನ್ ಚೇಂಬರ್ ಇಟ್ಟು ಔಟ್‌ಪುಟ್ ಸರಿಯಿದೆಯಾ ಅಂತ ನೋಡುತ್ತೇವೆ. ಚೇಂಬರಿನೊಳಗಿರುವುದು ಹೊರಗಿನ ಗಾಳಿಯೇ. ಗಾಳಿ ತೆಳುವಾದರೆ ರೀಡಿಂಗ್ ಕಡಿಮೆ ಬರುತ್ತದೆ, ಅದಕ್ಕೆ ಟೆಂಪರೇಚರ್, ಪ್ರೆಷರ್ ನೋಡಿ ತಿದ್ದಬೇಕು. ಒಂದು ಸಲ ಸುಮ್ನೆ ಕುತೂಹಲಕ್ಕೆ ನನ್ನದೇ ಬ್ಯಾರೋಮೀಟರ್ ಮನೆಗೆ ಒಯ್ದೆ. ಮಡಿಕೇರಿ ಹತ್ತಿರ ಅದು ತೋರಿಸಿದ್ದು 880 ಮಿಲಿಬಾರ್ ಚಿಲ್ಲರೆ. ಅಲ್ಲಿ ಅದೇ ಚೇಂಬರ್ ಇಟ್ಟರೆ ರೀಡಿಂಗನ್ನು ಸುಮಾರು 1.15ರಿಂದ ಗುಣಿಸಬೇಕು! ಅಪ್ಪ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಭಾಗ) ಮಳೆ ಬರೆದಿಡುವ ಡೈರಿಯಲ್ಲೇ ಪಕ್ಕಕ್ಕೆ ಪ್ರೆಷರ್ ಬರೆಸಿದೆ. ಕಾಫಿ ಹೂ ಅರಳಿಸುವ ಹೂಮಳೆ ಮೊದಲೇ ಗೊತ್ತಾದರೆ ಸ್ಪ್ರಿಂಕ್ಲರ್ ಡೀಸೆಲ್ ಉಳಿಯುತ್ತದೆ ಅಲ್ವಾ? ಗೊತ್ತಾಗಲಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಏರಿ ಸಂಜೆ ನಾಲ್ಕಕ್ಕೆ ಇಳಿಯುವ ಮಾಮೂಲಿ ಏರಿಳಿತ ಬಿಟ್ಟು ಬೇರೇನೂ ಕಾಣಲಿಲ್ಲ. ಅಪ್ಪ ಮಾತ್ರ ಇನ್ನೂ ಬರೆಯುತ್ತಿದ್ದಾರೆ.

ನಿಜವಾದ ಖರ್ಚು ಫೀಸಲ್ಲ, ವರ್ಷಗಳು. ನಾನು ಸಂಬಳ ಅಂತ ಎಣಿಸುವ ಹೊತ್ತಿಗೆ ಚಿಕ್ಕಪ್ಪನ ಮಗ ಇಪ್ಪತ್ತು ಲಕ್ಷವಾದರೂ ದುಡಿದಿದ್ದ. ಅವನ ಎಜುಕೇಷನ್ ಲೋನ್ ಕಳೆದರೂ ಅವನೇ ಮುಂದೆ. ಮನೆಯಲ್ಲಿ ಇಪ್ಪತ್ತೆರಡಕ್ಕೇ ದುಡಿದು ಹಾಕಬೇಕಾದವರು ಈ ದಾರಿಗೆ ಬರಬೇಡಿ ಅಂತಲೇ ಹೇಳುತ್ತೇನೆ. ನಾಲ್ಕೈದು ವರ್ಷ ತಾಳುವವರಿಗೆ ಮಾತ್ರ ಇದು. ಅಂಥವರು ಎಂಎಸ್ಸಿಯ ಮೊದಲ ಸೆಮಿಸ್ಟರಿನಿಂದಲೇ ಶೇ. 60ರ ಮೇಲೆ ಇರುವಂತೆ ನೋಡಿಕೊಳ್ಳಿ. ಅದಕ್ಕಿಂತ ಕೆಳಗಿದ್ದರೆ ಬಾರ್ಕ್‌ಗೆ ಅರ್ಜಿಯನ್ನೇ ಹಾಕೋಕಾಗಲ್ಲ.